ಪಿಕಳಾರಕ್ಕೆ ಕಾಂಪೌಂಡ್ ಗೋಡೆ ಇಲ್ಲ

ಹುಸೇನ್ ಸಾಗರದ ದಂಡೆಯಲ್ಲಿ, ನೆಕ್ಲೆಸ್ ರಸ್ತೆಯ ಪೀಪಲ್ಸ್ ಪ್ಲಾಜಾದಲ್ಲಿ ನರ್ಸರಿ ಮೇಳ ನೆರೆದಾಗ ಹೈದರಾಬಾದಿನ ಅರ್ಧ ಮಧ್ಯಮವರ್ಗ ಅಲ್ಲಿರುತ್ತದೆ. ಗೋದಾವರಿ ಸೀಮೆಯ ಕಡಿಯಂನಿಂದ, ಪುಣೆಯಿಂದ, ಬಂಗಾಳದಿಂದ ಲಾರಿಗಟ್ಟಲೆ ಕುಂಡ ಬಂದಿಳಿದಿರುತ್ತವೆ. ದಾಸವಾಳ, ಗುಲಾಬಿ, ಮಲ್ಲಿಗೆಗಳ ಮುಂದೆ ನಿಲ್ಲುವವರು ಈಚೆಗೆ ಕಡಿಮೆ. ಗಚ್ಚಿಬೌಲಿಯ ಹತ್ತನೇ ಮಹಡಿಯ ಬಾಲ್ಕನಿಗೂ ಸೈನಿಕ್‌ಪುರಿಯ ತಾರಸಿಗೂ ಈಗ ಬೇಕಾಗಿರುವುದು 'ರೇರ್' ಗಿಡ. ಹೂ ಬಿಟ್ಟರಷ್ಟೇ ಸಾಲದು, ಆಮೇಲೆ ಬಣ್ಣದ ಹಣ್ಣಿನ ಗೊಂಚಲನ್ನೂ ಬಿಡಬೇಕು. ಕೆಂಪು ಮಣಿ ಪೋಣಿಸಿದಂಥ ಆರ್ಡೀಸಿಯಾ, ಚಿನ್ನದ ಹನಿ ಇಳಿಬಿದ್ದಂಥ ಡುರಾಂಟಾ, ನೇರಳೆ ಮುತ್ತಿನ ಬ್ಯೂಟಿಬೆರ್ರಿ, ಚಳಿಗಾಲಕ್ಕೆ ಕೆಂಪಾಗುವ ನಂದಿನಾ, ಮಿಕ್ಕಿ ಮೌಸ್ ಗಿಡ. ಮೇಳದಲ್ಲಿ ಸಿಗದೆ ಹೋದರೆ ಆನ್‌ಲೈನಿನಲ್ಲಿ ಸಿಗುತ್ತದೆ, ರಟ್ಟಿನ ಡಬ್ಬಿಯಲ್ಲಿ, ತೆಂಗಿನ ನಾರಿನಲ್ಲಿ ಸುತ್ತಿಕೊಂಡು ಬರುತ್ತದೆ.

ಪ್ರತಿ ಕುಂಡಕ್ಕೂ ಒಂದು ಚೀಟಿ. ಎಷ್ಟು ಬಿಸಿಲು, ಎಷ್ಟು ನೀರು, ಯಾವ ಗೊಬ್ಬರ ಎಂದು ಅದರಲ್ಲಿ ಬರೆದಿರುತ್ತದೆ. ಗಿಡ ಯಾವ ನಾಡಿನದು, ಅದರ ಹಣ್ಣನ್ನು ಯಾರು ತಿನ್ನುತ್ತಾರೆ, ತಿಂದ ಮೇಲೆ ಬೀಜ ಎಲ್ಲಿ ಬೀಳುತ್ತದೆ ಎಂಬುದು ಇರುವುದಿಲ್ಲ. ಕೊಳ್ಳುವವರೂ ಕೇಳುವುದಿಲ್ಲ. ಮನೆಯಂಗಳ ಎಂಬುದು ಮುಚ್ಚಿದ ಜಾಗ, ಅಲ್ಲಿ ಏನು ಬೆಳೆಸಿದರೂ ಅದು ಮನೆಯವರ ಸ್ವಂತ ವಿಚಾರ ಎಂಬ ನಂಬಿಕೆಯ ಮೇಲೆ ಈ ಇಡೀ ವ್ಯಾಪಾರ ನಿಂತಿದೆ. ಹೂವಿನ ಮಟ್ಟಿಗೆ ಆ ನಂಬಿಕೆ ಒಂದಷ್ಟು ನಡೆದೀತು. ಹಣ್ಣಿನ ಮಟ್ಟಿಗೆ ಅದು ಶುದ್ಧ ಸುಳ್ಳು.

ಮಿಕ್ಕಿ ಮೌಸ್ ಗಿಡವನ್ನೇ ನೋಡಬಹುದು. ಸಸ್ಯಶಾಸ್ತ್ರದ ಹೆಸರು ಓಕ್ನಾ ಸೆರ್ರುಲಾಟಾ, ಊರು ದಕ್ಷಿಣ ಆಫ್ರಿಕಾದ ಪೂರ್ವ ಭಾಗ. ಹಳದಿ ಹೂ ಉದುರಿದ ಮೇಲೆ ಪುಷ್ಪಪಾತ್ರೆಯ ಎಸಳುಗಳು ಕೆಂಪಾಗಿ ಹಿಂದಕ್ಕೆ ಮಡಚಿಕೊಳ್ಳುತ್ತವೆ. ಅದರ ಮೇಲೆ ಹೊಳೆಯುವ ಕಪ್ಪು ಹಣ್ಣುಗಳು ಕಿವಿಗಳಂತೆ ಕೂರುತ್ತವೆ. ಚೆಂದದ ಗಿಡ, ಅದರಲ್ಲಿ ವಾದವಿಲ್ಲ. ಇದೇ ಚೆಂದಕ್ಕೆ ಮರುಳಾಗಿ ಆಸ್ಟ್ರೇಲಿಯಾದವರೂ ಅದನ್ನು ಮನೆಮನೆಗೆ ತಂದರು. ಈಗ ಕ್ವೀನ್ಸ್‌ಲ್ಯಾಂಡ್ ಮತ್ತು ನ್ಯೂ ಸೌತ್ ವೇಲ್ಸಿನ ಕಾಡಂಚುಗಳಲ್ಲಿ ಅದು ಕಳೆ. ಹಕ್ಕಿಗಳು ಹಣ್ಣು ನುಂಗಿ ಕಾಡಿನೊಳಗೆ ಹಿಕ್ಕೆ ಹಾಕಿದವು, ಸಸಿ ಹುಟ್ಟಿತು. ಎಳೆಯ ಸಸಿಗೂ ಆಳದ ತಾಯಿಬೇರು ಇರುವುದರಿಂದ ಕೈಯಲ್ಲಿ ಕಿತ್ತರೆ ಮೇಲೆ ಮುರಿದು ಬೇರು ಉಳಿದು ಮತ್ತೆ ಚಿಗುರುತ್ತದೆ. ಅಲ್ಲಿ ಕಳೆ ಕೀಳುವ ಸ್ವಯಂಸೇವಕರು ಬೈದುಕೊಂಡು ಅಗೆಯುವ ಗಿಡ ಇಲ್ಲಿ ನೂರಾರು ರೂಪಾಯಿಗೆ 'ಅಪರೂಪ' ಎಂದು ಮಾರಾಟವಾಗುತ್ತದೆ.

ಇದಕ್ಕಿಂತ ದೊಡ್ಡ ವ್ಯಂಗ್ಯ ಬೇರೆ ಇದೆ. ಓಕ್ನಾ ಕುಲದ್ದೇ ಇನ್ನೊಂದು ಗಿಡ, ಓಕ್ನಾ ಒಬ್ಟುಸಾಟಾ, ದಖ್ಖನ್ನಿನ ಒಣಕಾಡಿನ ಹುಟ್ಟುನಿವಾಸಿ. ನಲ್ಲಮಲದಲ್ಲಿದೆ, ಕರ್ನಾಟಕದ ಎಲೆ ಉದುರುವ ಕಾಡುಗಳಲ್ಲಿದೆ. ಬೇಸಿಗೆಯ ಬಾಗಿಲಲ್ಲಿ, ಬೇರೆ ಗಿಡಗಳೆಲ್ಲ ಒಣಗಿ ನಿಂತಾಗ, ಬೆಣ್ಣೆಹಳದಿ ಹೂ ಹೊದ್ದು ಜೇನುಹುಳುಗಳನ್ನು ಕರೆಯುತ್ತದೆ. ಆಮೇಲೆ ಅದೇ ಕೆಂಪು, ಅದೇ ಕಪ್ಪು, ಅದೇ ಕಿವಿಗಳು. ಮೇಳದ ನೂರಾರು ಮಳಿಗೆಗಳಲ್ಲಿ ಹುಡುಕಿದರೂ ಅದು ಸಿಗುವುದು ಕಷ್ಟ. 1928ರಲ್ಲಿ ಅಮೆರಿಕದ ತೆರೆಗೆ ಬಂದ ಇಲಿಯ ಹೆಸರು ಅದಕ್ಕೆ ಅಂಟಿಕೊಳ್ಳಲಿಲ್ಲ, ಆದ್ದರಿಂದ ಅದಕ್ಕೆ ಬೆಲೆಯೂ ಬರಲಿಲ್ಲ.

ಹಣ್ಣು ಏಕೆ ಕೆಂಪಾಗುತ್ತದೆ, ಏಕೆ ಹೊಳೆಯುತ್ತದೆ ಎಂದು ಶಾಲೆಯ ಪುಸ್ತಕದಲ್ಲೇ ಇದೆ. ಗಿಡಕ್ಕೆ ಕಾಲಿಲ್ಲ, ಹಕ್ಕಿಗೆ ರೆಕ್ಕೆಯಿದೆ. ಹಣ್ಣೆಂದರೆ ಗಿಡ ಹಕ್ಕಿಗೆ ಕೊಡುವ ಬಾಡಿಗೆ. ಅಂದರೆ ಮನೆಯ ಅಲಂಕಾರಕ್ಕೆಂದು ಕೊಂಡ ಹಣ್ಣಿನ ಗೊಂಚಲು, ಮನೆ ಬಿಟ್ಟು ಹೋಗಲೆಂದೇ ಗಿಡ ಮಾಡಿಕೊಂಡ ಏರ್ಪಾಡು. ಹೈದರಾಬಾದಿನ ಯಾವ ಬಡಾವಣೆಯಲ್ಲೂ ಪಿಕಳಾರ, ಕೋಗಿಲೆ, ಗೊರವಂಕಗಳಿಗೆ ಬರವಿಲ್ಲ. ಪಿಕಳಾರ ನುಂಗಿದ ಸಣ್ಣ ಬೀಜ ಸಾಮಾನ್ಯವಾಗಿ ಒಂದು ಗಂಟೆಯೊಳಗೆ ಹೊರಬೀಳುತ್ತದೆ. ಅಷ್ಟು ಹೊತ್ತಿನಲ್ಲಿ ಅದು ಅಪಾರ್ಟ್‌ಮೆಂಟಿನ ಬಾಲ್ಕನಿಯಿಂದ ಪಕ್ಕದ ಖಾಲಿ ನಿವೇಶನಕ್ಕೆ, ಅಲ್ಲಿಂದ ಕೆರೆಯಂಗಳದ ಜಾಲಿಗೆ, ಅಲ್ಲಿಂದ ಬಂಡೆಗಳ ನಡುವಿನ ಕುರುಚಲಿಗೆ ಹೋಗಿ ಕುಳಿತಿರುತ್ತದೆ. ನಗರಗಳಲ್ಲಿ ಯಾರೂ ನೆಡದೆ ಗೋಡೆಸಂದಿಯಲ್ಲೂ ಚರಂಡಿಯ ಅಂಚಲ್ಲೂ ಏಳುವ ಗಸಗಸೆ ಹಣ್ಣಿನ ಮರ, ಅಂದರೆ ಸಿಂಗಾಪುರ ಚೆರ್ರಿ, ಅಮೆರಿಕ ಖಂಡದ್ದು. ಹಕ್ಕಿ ಬಾವಲಿಗಳ ಹೊಟ್ಟೆಯ ದಾರಿ ಎಷ್ಟು ಸಲೀಸು ಎಂಬುದಕ್ಕೆ ಅದೊಂದು ಸಾಕ್ಷಿ. ಅದರಿಂದ ದೊಡ್ಡ ಹಾನಿಯಾಗಿಲ್ಲ, ಮಕ್ಕಳಿಗೆ ಹಣ್ಣು ಸಿಕ್ಕಿದೆ. ಎಲ್ಲ ಗಿಡಗಳ ಕಥೆ ಹೀಗೆ ಮುಗಿಯಲಿಲ್ಲ.

ಲಂಟಾನಾದ ಕಥೆ ಕನ್ನಡ ಓದುಗರಿಗೆ ಹೇಳಬೇಕಿಲ್ಲ. ಬಂಡೀಪುರದ ಸಫಾರಿಗೆ ಹೋದವರೆಲ್ಲ ಹುಲಿಗಿಂತ ಹೆಚ್ಚು ನೋಡಿ ಬಂದಿರುವುದು ಅದನ್ನೇ. ಮರೆತುಹೋಗುವ ಸಂಗತಿಯೆಂದರೆ ಅದು ಹೇಗೆ ಬಂತು ಎಂಬುದು. ಹಡಗಿನ ತಳದಲ್ಲೋ ಗೋಧಿಯ ಚೀಲದಲ್ಲೋ ಕದ್ದು ಬಂದ ಕಳೆಯಲ್ಲ ಅದು. 1809ರ ಸುಮಾರಿಗೆ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಅಲಂಕಾರದ ಗಿಡವಾಗಿ, ಗೌರವದಿಂದ, ಹೆಸರಿನ ಚೀಟಿ ಕಟ್ಟಿಸಿಕೊಂಡು ಬಂತು. ಯುರೋಪಿನ ಗಾಜುಮನೆಗಳಲ್ಲಿ ಬಣ್ಣಕ್ಕಾಗಿ ತಳಿ ಬೆರೆಸಿದ, ಆ ಕಾಲದ 'ರೇರ್' ಗಿಡ. ಒಂದೇ ಗೊಂಚಲಲ್ಲಿ ಹಳದಿ, ಕಿತ್ತಳೆ, ಗುಲಾಬಿ ಹೂ. ಆಮೇಲೆ ಕಪ್ಪುನೀಲಿ ಹಣ್ಣು. ದೊರೆಗಳ ಬಂಗಲೆಗಳ ಬೇಲಿಯಾಗಿ ಅದು ಊರೂರಿಗೆ ಹೋಯಿತು, ಬೇಲಿಯಿಂದ ಪಿಕಳಾರದ ಹೊಟ್ಟೆಗೆ, ಅಲ್ಲಿಂದ ಕಾಡಿಗೆ. ಇಂದು ದೇಶದ ಕಾಡುಗಳಲ್ಲಿ ಅದು ಹಬ್ಬಿರುವ ಪ್ರದೇಶವನ್ನು 2020ರ ಒಂದು ಅಧ್ಯಯನ ಒಂದೂವರೆ ಲಕ್ಷ ಚದರ ಕಿಲೋಮೀಟರಿಗೂ ಹೆಚ್ಚು ಎಂದು ಲೆಕ್ಕ ಹಾಕಿದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು, ತರಗುಬೆಂಕಿ ಹಾಕುವುದನ್ನು ನಿಲ್ಲಿಸಿದ ಮೇಲೆ ಈ ಪೊದೆ ಏರಿತು ಎನ್ನುತ್ತಾರೆ. ಅದರ ಅಡಿಯಲ್ಲಿ ಹುಲ್ಲು ಬೆಳೆಯದು, ನೆಲ್ಲಿಯ ಸಸಿ ಏಳದು. ಮಲೆ ಮಹದೇಶ್ವರ ಬೆಟ್ಟದಲ್ಲಿ ಅದರ ಕಡ್ಡಿಯಿಂದ ಕುರ್ಚಿ ಹೆಣೆಯುತ್ತಾರೆ. ಗೂಡಲೂರಿನ ಆದಿವಾಸಿಗಳು ಅದರಿಂದ ಹೆಣೆದ ಆನೆಗಳು 2021ರಲ್ಲಿ ಲಂಡನ್ನಿನ ಉದ್ಯಾನಗಳಲ್ಲಿ ನಿಂತವು. ತೋಟದ ಶೋಕಿಯೊಂದು ಇನ್ನೂರು ವರ್ಷದ ಮೇಲೆ, ಕಾಡು ಕಳೆದುಕೊಂಡವರ ಕೈಕಸುಬಾಗಿ, ಶೋಕಿ ಶುರುವಾದ ಊರಿಗೇ ಪ್ರದರ್ಶನಕ್ಕೆ ಹೋದದ್ದು ಹೀಗೆ. ಕಡ್ಡಿ ಎಷ್ಟು ಕೊಯ್ದರೂ ಪೊದೆ ಮುಗಿಯುವುದಿಲ್ಲ.

ಹೈದರಾಬಾದಿನವರಿಗೆ ಬಂಡೀಪುರ ದೂರವೆನ್ನಿಸಿದರೆ ಮೇಳದ ಪಕ್ಕದಲ್ಲೇ ನೀರಿದೆ. ನಗರದ ಕೆರೆಗಳಲ್ಲಿ ಹಾಸಿ ಮಲಗುವ ಹಸಿರು ಚಾಪೆಗೆ ತೆಲುಗಿನಲ್ಲಿ ಗುರ್ರಪು ಡೆಕ್ಕ, ಅಂದರೆ ಕುದುರೆಯ ಗೊರಸು. ಕರ್ನಾಟಕದ ಕೆಲವೆಡೆ ಇದೇ ಗಿಡಕ್ಕೆ ಕತ್ತೆಕಿವಿ ಎನ್ನುತ್ತಾರೆ. ಎರಡು ಭಾಷೆಯ ಜನ ಒಂದೇ ಎಲೆಯನ್ನು ನೋಡಿ, ಒಬ್ಬರು ಕುದುರೆಯ ಕಾಲು, ಇನ್ನೊಬ್ಬರು ಕತ್ತೆಯ ಕಿವಿ ಕಂಡರು. ಚೆಂದದ ಹೆಸರಿಡುವ ಮನಸ್ಸು ಯಾರಿಗೂ ಬರಲಿಲ್ಲ. ದಕ್ಷಿಣ ಅಮೆರಿಕದ ಈ ನೀರುಗಿಡವೂ ತನ್ನ ತಿಳಿನೇರಳೆ ಹೂವಿನಿಂದಾಗಿಯೇ ಖಂಡದಿಂದ ಖಂಡಕ್ಕೆ ಕೊಳದ ಅಲಂಕಾರವಾಗಿ ಸಾಗಿದ್ದು. ಬಂಗಾಳದಲ್ಲಿ ಅದು ಭತ್ತದ ಗದ್ದೆ, ದೋಣಿದಾರಿಗಳನ್ನೆಲ್ಲ ನುಂಗಿ, ಕೊನೆಗೆ 1936ರಲ್ಲಿ ಅದರ ವಿರುದ್ಧವೇ ಒಂದು ಕಾಯ್ದೆ ಬರಬೇಕಾಯಿತು. ಹೈದರಾಬಾದಿನ ಪಾಲಿಕೆ ಇಂದಿಗೂ ಯಂತ್ರಗಳನ್ನಿಳಿಸಿ ಅದನ್ನು ಎತ್ತಿಸುತ್ತದೆ. ಎತ್ತಿದ ಕೆಲವೇ ವಾರಗಳಲ್ಲಿ ಕೊಳಚೆ ನೀರು ಉಂಡು ಅದು ಮತ್ತೆ ತುಂಬುತ್ತದೆ, ಅದರಡಿ ಸೊಳ್ಳೆಯೂ. ಇಷ್ಟಾದರೂ ತಾರಸಿಯ ತೊಟ್ಟಿಗೆ, ತಾವರೆಯ ಪಕ್ಕಕ್ಕೆ ಎಂದು ಆನ್‌ಲೈನಿನಲ್ಲಿ ಅದನ್ನು ದುಡ್ಡಿಗೆ ಮಾರುತ್ತಾರೆ. ಕೆರೆಯಿಂದ ಎತ್ತಿ ಹಾಕಲು ಪಾಲಿಕೆಯ ತೆರಿಗೆ, ತೊಟ್ಟಿಗೆ ಬಿಡಲು ಜೇಬಿನ ಕಾಸು.

ಒಂದೇ ಕುಂಡ ತಾನೇ ಎಂಬುದು ಮೊದಲ ಸಮಜಾಯಿಷಿ. ಲಂಟಾನಾವೂ ಒಂದು ತೋಟದಿಂದಲೇ ಶುರುವಾದದ್ದು. ಹೊಸ ನೆಲಕ್ಕೆ ಬಂದ ಗಿಡ ಎಷ್ಟೋ ದಶಕ ಸುಮ್ಮನಿರಬಹುದು. ಸರಿಯಾದ ಮಳೆ, ಸರಿಯಾದ ಹಕ್ಕಿ, ಸರಿಯಾದ ಖಾಲಿ ಜಾಗ ಸಿಕ್ಕ ಮೇಲೆ ಏಳಬಹುದು. ಇಪ್ಪತ್ತು ವರ್ಷದಿಂದ ಮನೆಯಲ್ಲಿದೆ, ಎಲ್ಲಿಗೂ ಹೋಗಿಲ್ಲ ಎಂಬ ಧೈರ್ಯಕ್ಕೆ ಆದ್ದರಿಂದ ಹೆಚ್ಚು ಬೆಲೆಯಿಲ್ಲ. ಹೋಗಿದೆಯೋ ಇಲ್ಲವೋ ಎಂದು ಪಕ್ಕದ ಕೆರೆಯಂಗಳಕ್ಕೆ ಹೋಗಿ ನೋಡಿದವರಾದರೂ ಯಾರು? ಅಲ್ಲದೆ ಒಂದು ಮನೆಯ ಒಂದು ಕುಂಡ ಲಕ್ಷ ಬಾಲ್ಕನಿಗಳ ನಗರದಲ್ಲಿ ಎಂದೂ ಒಂದಾಗಿ ಉಳಿಯುವುದಿಲ್ಲ. ಮೇಳದ ಉದ್ದೇಶವೇ ಅದು ಒಂದಾಗಿ ಉಳಿಯಬಾರದು ಎಂಬುದು.

ಹಕ್ಕಿಗಳಿಗಾಗಿಯೇ ಹಣ್ಣಿನ ಗಿಡ ಬೆಳೆಸುತ್ತೇವೆ ಎನ್ನುವವರು ಇನ್ನೂ ಒಳ್ಳೆಯ ಮನಸ್ಸಿನವರು. ಅವರಿಗೆ ನಂದಿನಾದ ಕಥೆ ಹೇಳಬೇಕು. ಚೀನಾ, ಜಪಾನಿನ ಈ ಗಿಡದ ಕೆಂಪು ಹಣ್ಣಿನಲ್ಲಿ ಸಯನೈಡ್ ಹೊರಡಿಸುವ ಅಂಶವಿದೆ. 2009ರಲ್ಲಿ ಅಮೆರಿಕದ ಜಾರ್ಜಿಯಾದಲ್ಲಿ ಸೀಡರ್ ವ್ಯಾಕ್ಸ್‌ವಿಂಗ್ ಎಂಬ ಹಕ್ಕಿಗಳು ಡಜನ್ನುಗಟ್ಟಲೆ ಸತ್ತುಬಿದ್ದವು. ಕೊಯ್ದು ನೋಡಿದರೆ ಹೊಟ್ಟೆ ತುಂಬ ನಂದಿನಾ. ಡುರಾಂಟಾದ ಚಿನ್ನದ ಹನಿಗಳಂತೂ ಮಕ್ಕಳಿಗೂ ನಾಯಿ ಬೆಕ್ಕಿಗೂ ವಿಷ. ರಸ್ತೆ ನಡುವೆ ಕತ್ತರಿಸಿ ಕತ್ತರಿಸಿ ಬೇಲಿಯಾಗಿಟ್ಟಾಗ ಹಣ್ಣು ಕಾಣುವುದಿಲ್ಲ, ಮನೆಯಲ್ಲಿ ಹಣ್ಣಿಗೆಂದೇ ಬಿಟ್ಟು ಬೆಳೆಸಿದಾಗ ಕೈಗೆಟಕುತ್ತದೆ. ಚೀಟಿಯಲ್ಲಿ ಇದೂ ಇರುವುದಿಲ್ಲ.

ಇನ್ನು ಎಲ್ಲರೂ ಎಸೆಯುವ ದೊಡ್ಡ ಕಲ್ಲು: ಚೆಂಡುಹೂ ಮೆಕ್ಸಿಕೋದ್ದು, ಮೆಣಸಿನಕಾಯಿ ಅಮೆರಿಕದ್ದು, ಬೋಗನ್‌ವಿಲ್ಲಾ ಬ್ರೆಜಿಲಿನದು, ಇವನ್ನೆಲ್ಲ ಕಿತ್ತೆಸೆಯಬೇಕೆ? ಹೊರಗಿನದೆಲ್ಲ ಕೆಟ್ಟದ್ದು ಎಂಬ ರಾಜಕೀಯವನ್ನು ತೋಟಕ್ಕೂ ತರಬೇಕೆ? ಪ್ರಶ್ನೆ ನ್ಯಾಯವಾದದ್ದು. 'ವಿದೇಶಿ ಆಕ್ರಮಣ', 'ನುಸುಳುಕೋರ ಗಿಡ' ಎಂಬ ಮಾತುಗಳನ್ನು ಲೇಖನಗಳಲ್ಲಿ, ಭಾಷಾಂತರಗಳಲ್ಲಿ ಸಲೀಸಾಗಿ ಬಳಸುವವರು ಸ್ವಲ್ಪ ನಾಲಿಗೆ ಬಿಗಿಹಿಡಿಯಬೇಕು. ಇರಾನಿನವರು, ಅರಬರು, ಮರಾಠಿಗರು, ಕಾಚಿಗುಡದಲ್ಲಿ ಶಾಲೆ ಕಟ್ಟಿಕೊಂಡ ಕನ್ನಡಿಗರು, ಎಲ್ಲರೂ ಸೇರಿ ಆದ ಊರು ಹೈದರಾಬಾದು. ಗಿಡದ ಲೆಕ್ಕವನ್ನು ಮನುಷ್ಯರಿಗೆ ಹಚ್ಚುವುದು ದಡ್ಡತನವಷ್ಟೇ ಅಲ್ಲ, ಅಪಾಯ. ಆದರೆ ತಿರುಗಿಸಿಯೂ ಹೇಳಬೇಕು: ಮನುಷ್ಯರ ಮೇಲಿನ ಉದಾರತೆಯನ್ನು ಗಿಡದ ವ್ಯಾಪಾರಕ್ಕೆ ಹಚ್ಚುವುದೂ ದಡ್ಡತನವೇ. ಬೋಗನ್‌ವಿಲ್ಲಾದ ತೋಟದ ತಳಿಗಳು ಬೀಜ ಕಟ್ಟುವುದೇ ಅಪರೂಪ, ಚೆಂಡುಹೂವನ್ನು ಹಕ್ಕಿ ಹೊತ್ತೊಯ್ಯುವುದಿಲ್ಲ. ಕೇಳಬೇಕಾದದ್ದು ಪಾಸ್‌ಪೋರ್ಟಲ್ಲ, ಬೀಜ ಯಾರ ಹೆಗಲೇರುತ್ತದೆ ಎಂಬುದು.

ಈ ನೆಲದ ಗಿಡಗಳೇನೂ ಸಂತರಲ್ಲ. ಅಕ್ಕಸಾಲಿಗನ ತಕ್ಕಡಿಯಲ್ಲಿ ಚಿನ್ನ ತೂಗಿದ ಗುಲಗಂಜಿ, ತೆಲುಗರ ಗುರುವಿಂದ, ಬೇಲಿಗೆ ಹಬ್ಬಿ ಕೆಂಪು ಕಪ್ಪು ಬೀಜ ತೋರುವ ಬಳ್ಳಿ. ಫ್ಲೋರಿಡಾದಲ್ಲಿ ಅದು ಇಂದು ಕಾಡು ನುಂಗುವ ಕಳೆ. ಅಲ್ಲಿಗೂ ಅದು ಅಲಂಕಾರವೆಂದೇ ಹೋದದ್ದು. ನೇರಳೆ ಮರ ಹವಾಯಿ ದ್ವೀಪಗಳಲ್ಲಿ ಅದೇ ಆಪಾದನೆ ಹೊತ್ತಿದೆ. ಬಂಡೀಪುರಕ್ಕೆ ಲಂಟಾನಾ ಮಾಡಿದ್ದನ್ನು ಈ ಊರಿನ ಗಿಡಗಳು ಬೇರೆಯವರ ಊರಿಗೆ ಮಾಡಿವೆ. ತನ್ನನ್ನು ತಿನ್ನುವ ಹುಳ, ತನ್ನನ್ನು ಹತ್ತಿಕ್ಕುವ ರೋಗ, ತನ್ನೊಂದಿಗೆ ಜಗಳವಾಡುವ ನೆರೆಗಿಡ, ಇವನ್ನೆಲ್ಲ ಹಿಂದೆ ಬಿಟ್ಟು ಬರಿ ಬೀಜವಾಗಿ ಹೋದಾಗ ಯಾವ ಗಿಡವೂ ಹೀಗಾದೀತು. ತಪ್ಪು ಗಿಡದ್ದಲ್ಲ. ಯೋಚಿಸದೆ ಎತ್ತಿಕೊಂಡು ಹೋದವರದು, ಗೊತ್ತಿದ್ದೂ ಮಾರುವವರದು.

ಹಾಗಾದರೆ ಹೈದರಾಬಾದಿನಲ್ಲಿ ನಿಜಕ್ಕೂ ಅಪರೂಪವಾಗುತ್ತಿರುವುದು ಯಾವುದು? 2025ರ ಮಾರ್ಚ್ ಕೊನೆಯಲ್ಲಿ ಹೈದರಾಬಾದ್ ವಿಶ್ವವಿದ್ಯಾಲಯದ ಪಕ್ಕದ ಕಂಚ ಗಚ್ಚಿಬೌಲಿಯ 400 ಎಕರೆಗೆ ಬುಲ್ಡೋಜರುಗಳು ನುಗ್ಗಿದವು. ದಾಖಲೆಯಲ್ಲಿ ಅದು ಅರಣ್ಯವಲ್ಲ ಎಂಬುದು ಸರ್ಕಾರದ ವಾದ. ಕಂಚ ಎಂದರೆ ತೆಲಂಗಾಣದ ಹಳ್ಳಿಗಳಲ್ಲಿ ದನ ಕುರಿ ಮೇಯುವ ಬೀಳು. ವಿದ್ಯಾರ್ಥಿಗಳು ಅಡ್ಡ ನಿಂತರು, ನವಿಲಿನ ಕೂಗಿನ ವಿಡಿಯೊಗಳು ಹರಿದಾಡಿದವು, ಏಪ್ರಿಲ್ 3ರಂದು ಸುಪ್ರೀಂ ಕೋರ್ಟು ಕೆಲಸ ನಿಲ್ಲಿಸಿತು. ಅಷ್ಟರಲ್ಲಿ ಸುಮಾರು ನೂರು ಎಕರೆ ಬೋಳಾಗಿತ್ತು. ಜಗಳದ ಉದ್ದಕ್ಕೂ ಜಿಂಕೆ, ನವಿಲು, ಬಂಡೆಗಳ ಹೆಸರು ಬಂತು. ನೆಲಕ್ಕುರುಳಿದ ಪೊದೆಗಳನ್ನು ಹೆಸರು ಹಿಡಿದು ಕರೆದವರು ಕಡಿಮೆ. ಪೇಪರುಗಳಲ್ಲಿ ಅದು 'ಕುರುಚಲು', 'ಗಿಡಗಂಟಿ', ಹೆಚ್ಚೆಂದರೆ 'ಹಸಿರು'.

ಈ ಊರಿನ ಬಂಡೆಗಳಿಗಾದರೂ ಒಂದು ಸಂಘವಿದೆ. ಸುಮಾರು 250 ಕೋಟಿ ವರ್ಷ ಹಳೆಯ ಕಲ್ಲುಗಳನ್ನು ಕ್ವಾರಿಯಿಂದ ಉಳಿಸಲು 'ಸೊಸೈಟಿ ಟು ಸೇವ್ ರಾಕ್ಸ್' 1996ರಲ್ಲಿ ಹುಟ್ಟಿತು. ಬಂಡೆಯ ಬಿರುಕಿನಲ್ಲಿ ಬೇರಿಳಿಸಿದ ಗಿಡಕ್ಕೆ ಸಂಘವಿಲ್ಲ. ರಾಯಚೂರು, ಯಾದಗಿರಿಯ ಕಲ್ಲುಗುಡ್ಡ ಹತ್ತಿದವರಿಗೆ ಈ ಗಿಡಗಳು ಹೊಸವಲ್ಲ. 1956ರವರೆಗೆ ಒಂದೇ ರಾಜ್ಯವಾಗಿದ್ದ ಈ ಸೀಮೆಯ ಭಾಷೆ, ಕಚೇರಿ ಹಂಚಿಹೋದವು, ಪೊದೆಗಳು ಹಂಚಿಹೋಗಲಿಲ್ಲ. ಫೆಬ್ರವರಿಯಲ್ಲಿ ಎಲೆಯಿಲ್ಲದ ಕೊಂಬೆಯ ತುದಿಗೆ ಅಂಗೈಯಗಲ ಹಳದಿ ಹೂ ಹೊತ್ತು ಬಂಡೆಯ ಮೇಲೆ ನಿಲ್ಲುವ ಅರಿಶಿನ ಬೂರುಗ. ಕೆಂಪು ಹೂ ಬಿಟ್ಟು ಹಗ್ಗ ಹೊಸೆದಂತೆ ಕಾಯಿ ತಿರುಚುವ ಎಡಮುರಿ. ಸಂಜೆಗೆ ಘಮ್ಮೆಂದು ಪತಂಗ ಕರೆಯುವ ಪಾವಟೆ, ಬಿಳಿಹೂವಿನ ಮೇಲೆ ಕಪ್ಪು ಹಣ್ಣು. ಇವುಗಳಲ್ಲಿ ಯಾವುದನ್ನು ಕುಂಡದಲ್ಲಿಟ್ಟು ಇಂಗ್ಲಿಷ್ ಹೆಸರು ಬರೆದರೂ ಮೇಳದಲ್ಲಿ ಮುಗಿಬಿದ್ದು ಕೊಳ್ಳುತ್ತಾರೆ.

ಹೆಸರಿನ ಮಾತು ಬಂತು. ತೆಲಂಗಾಣದ ರಾಜ್ಯ ಹೂ ತಂಗೇಡು. ಕನ್ನಡದಲ್ಲಿ ಅದೇ ತಂಗಡಿ, ಕೆಲವೆಡೆ ಆವರಿಕೆ. ಎರಡು ಭಾಷೆಯೂ ಬಲು ಹಿಂದಿನಿಂದ ಒಂದೇ ಬೇರಿನ ಹೆಸರಿಟ್ಟುಕೊಂಡು ಬಂದಿರುವ ಗಿಡ. ಚರ್ಮ ಹದಮಾಡುವವರಿಗೆ ಅದರ ತೊಗಟೆ ಬೇಕಿತ್ತು, ಹಳದಿ ಚಿಟ್ಟೆಗಳ ಮರಿಗಳಿಗೆ ಅದರ ಎಲೆ ಬೇಕು. ಮಹಾಲಯ ಅಮಾವಾಸ್ಯೆಯಿಂದ ಒಂಬತ್ತು ದಿನ ನಡೆಯುವ ಬತುಕಮ್ಮ ಹಬ್ಬದಲ್ಲಿ ಹೆಂಗಸರು ಹೂವಿನ ಗೋಪುರ ಕಟ್ಟುತ್ತಾರಲ್ಲ, ಅದರ ಮೈಯೇ ತಂಗೇಡು ಮತ್ತು ಗುನುಗು. ಗುನುಗು ಎಂದರೆ ಕೋಲಾರ, ತುಮಕೂರಿನವರು ಸಾರು ಮಾಡುವ ಅಣ್ಣೆಸೊಪ್ಪು ಹೂಬಿಟ್ಟಾಗಿನ ರೂಪ. ಇವೆರಡನ್ನೂ ಯಾರೂ ಬಿತ್ತುತ್ತಿರಲಿಲ್ಲ. ಬೀಳಿನಲ್ಲಿ, ಹೊಲದ ಬದುವಿನಲ್ಲಿ ಮಳೆಗಾಲ ಮುಗಿಯುವ ಹೊತ್ತಿಗೆ ತಾವೇ ನಿಂತಿರುತ್ತಿದ್ದವು, ಹೋಗಿ ಮಡಿಲು ತುಂಬಿಕೊಂಡು ಬಂದರೆ ಆಯಿತು. ಈಗ ಹೈದರಾಬಾದಿನಲ್ಲಿ ಬೀಳು ಎಂಬುದೇ ಲೇಔಟು. ಹೂ ಹೊರಜಿಲ್ಲೆಗಳಿಂದ ಗುಡಿಮಲ್ಕಾಪುರದ ಮಾರುಕಟ್ಟೆಗೆ ಕಟ್ಟುಕಟ್ಟಾಗಿ ಬರುತ್ತದೆ. ಅದನ್ನು ಕೊಯ್ದು ತರುವ ಹೆಂಗಸರು ವರ್ಷ ವರ್ಷ ಇನ್ನಷ್ಟು ದೂರ ನಡೆಯಬೇಕು. ಗೋಪುರ ಕಟ್ಟಿ, ಹಾಡಿ, ಕೊನೆಯ ದಿನ ಕೆರೆಗೆ ಬಿಟ್ಟರೆ ಅಲ್ಲಿ ಗುರ್ರಪು ಡೆಕ್ಕ ಕಾದಿರುತ್ತದೆ. ಅಂಬರಪೇಟೆಯ ಬತುಕಮ್ಮ ಕುಂಟದಲ್ಲಂತೂ ನೀರೇ ಇರಲಿಲ್ಲ, ಮುಚ್ಚಿಹೋಗಿದ್ದನ್ನು 2025ರಲ್ಲಿ ಅಗೆದು ತೆಗೆಯಬೇಕಾಯಿತು. ರಾಜ್ಯದ ಹೂವೆಂದು 2014ರಲ್ಲಿ ಘೋಷಿಸಿದ ಗಿಡವನ್ನು ರಾಜಧಾನಿಯ ನರ್ಸರಿಯಲ್ಲಿ ಕೇಳಿದರೆ ಮಾರುವವನು ನಗುತ್ತಾನೆ. ಅದು ರಸ್ತೆಬದಿಯದಲ್ಲವೇ, ಯಾರು ಕೊಳ್ಳುತ್ತಾರೆ ಎನ್ನುತ್ತಾನೆ. ಊರ ಹೆಸರಿರುವ ಗಿಡ ಕಳೆ, ಹೆಸರು ಗೊತ್ತಿಲ್ಲದ ಗಿಡ ರೇರ್. ಇದೇ ಮಾರುಕಟ್ಟೆಯ ವ್ಯಾಕರಣ.

ನರ್ಸರಿಯವರನ್ನು ಬೈದು ಮುಗಿಸುವುದು ಸುಲಭ, ಆದರೆ ಅನ್ಯಾಯ. ಕಡಿಯಂನ ಸಣ್ಣ ಬೆಳೆಗಾರ ಕೇಳಿದ್ದನ್ನು ಬೆಳೆದುಕೊಡುತ್ತಾನೆ. ಕಡ್ಡಿ ಚುಚ್ಚಿದರೆ ಬೇರು ಬಿಡುವ, ಎಲ್ಲವೂ ಒಂದೇ ಎತ್ತರಕ್ಕೆ ಬರುವ, ಎಳೆಯದರಲ್ಲೇ ಹೂ ಬಿಟ್ಟು ಗಿರಾಕಿಯ ಕಣ್ಣು ಸೆಳೆಯುವ ಗಿಡ ಅವನಿಗೆ ಲಾಭ. ದಖ್ಖನ್ನಿನ ಪೊದೆಗಳು ಮೊಂಡು ಸ್ವಭಾವದವು. ಬಹಳಷ್ಟು ಬೀಜದಿಂದಲೇ ಬರಬೇಕು, ನಿಧಾನ, ಮುಳ್ಳು ಬೇರೆ. ಅವನ್ನು ಬೆಳೆಸುವ ಖರ್ಚನ್ನು ಮೊದಲು ಯಾರಾದರೂ ಹೊರಬೇಕು, ಮತ್ತು ಅದಕ್ಕೆ ಶಕ್ತಿಯಿರುವುದು ಸರ್ಕಾರಕ್ಕೆ. ತೆಲಂಗಾಣಕ್ಕೆ ಆ ಶಕ್ತಿ ಇರಲಿಲ್ಲ ಎನ್ನುವಂತಿಲ್ಲ. 2015ರಲ್ಲಿ ಶುರುವಾದ ಹರಿತ ಹಾರಂ 230 ಕೋಟಿ ಸಸಿಗಳ ಗುರಿ ಇಟ್ಟುಕೊಂಡಿತು, ಗ್ರಾಮ ಪಂಚಾಯತಿಗೊಂದು ನರ್ಸರಿ ಮಾಡಿತು. ಆ ನರ್ಸರಿಗಳಿಂದ ರಸ್ತೆ ನಡುವೆ ಬಂದು ನಿಂತದ್ದೇನು? ಅಮೆರಿಕದ ಕರಾವಳಿಯ ಕೊನೊಕಾರ್ಪಸ್. ನೀರು ಹೀರುತ್ತದೆ, ಪರಾಗದಿಂದ ಉಸಿರಾಟಕ್ಕೆ ತೊಂದರೆ ಎಂಬ ದೂರುಗಳ ನಂತರ 2022ರಲ್ಲಿ ಅದನ್ನು ನೆಡಬೇಡಿ ಎಂದು ಅದೇ ಸರ್ಕಾರ ಹೇಳಿತು. ಮರುವರ್ಷ ಗುಜರಾತೂ ನಿಷೇಧಿಸಿತು. ಅಷ್ಟು ನರ್ಸರಿಗಳಲ್ಲಿ ಹತ್ತರಲ್ಲಿ ಒಂದು ಮಡಿಯಲ್ಲಾದರೂ ರಾಜ್ಯದ ಹೂವನ್ನು ಬೆಳೆಸಿದ್ದರೆ ಮಾರುವವನ ನಗು ಇಷ್ಟು ಹೊತ್ತಿಗೆ ನಿಂತಿರುತ್ತಿತ್ತು.

ಕಾನೂನೂ ಇಲ್ಲದಿಲ್ಲ. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿಯ 62ಎ ವಿಧಿ, ಆಕ್ರಮಣಕಾರಿ ಅನ್ಯಪ್ರಭೇದಗಳ ಆಮದು, ಮಾರಾಟ, ಸಾಕಣೆಯನ್ನು ತಡೆಯುವ ಅಧಿಕಾರವನ್ನು ಕೇಂದ್ರಕ್ಕೆ ಕೊಟ್ಟಿದೆ. ಆಸ್ಟ್ರೇಲಿಯಾ, ಸಾಕಷ್ಟು ಪೆಟ್ಟು ತಿಂದ ಮೇಲೆ, ಹೊಸ ಜಾತಿಯ ಗಿಡ ಒಳಗೆ ಬರುವ ಮೊದಲೇ ಅದು ಕಳೆಯಾಗುವ ಸಾಧ್ಯತೆಯನ್ನು ತೂಗುವ ಪದ್ಧತಿಯನ್ನು 1997ರಿಂದ ನಡೆಸುತ್ತಿದೆ. ಇಲ್ಲಿ ಅಷ್ಟು ದೂರದ ಮಾತು ಬೇಡ. ಮೇಳದ ಕುಂಡದ ಚೀಟಿಯಲ್ಲಿ ಮೂರು ಸಾಲು ಕಡ್ಡಾಯವಾಗಲಿ: ಸಸ್ಯಶಾಸ್ತ್ರದ ಹೆಸರು, ಹುಟ್ಟೂರು, ಹಣ್ಣು ವಿಷವೋ ಮತ್ತು ಎಲ್ಲಾದರೂ ಕಳೆಯಾಗಿದೆಯೋ. ಮಾತ್ರೆಯ ಪಟ್ಟಿಯ ಮೇಲೆ, ಬಿಸ್ಕತ್ತಿನ ಪೊಟ್ಟಣದ ಮೇಲೆ ಇರುವಷ್ಟು ಮಾಹಿತಿ ನೂರಾರು ವರ್ಷ ಬದುಕಬಲ್ಲ ಬೀಜವಂಶದ ಮೇಲೆ ಇರಬಾರದೇ? ಅದನ್ನು ಓದಿಯೂ ಕೊಳ್ಳುವವರು ಕೊಳ್ಳಲಿ. ಈಗಾಗಲೇ ಮನೆಯಲ್ಲಿರುವವರು ಹೂ ಮುಗಿದ ಕೂಡಲೇ ಕಾಯಿಗೊಂಚಲು ಕತ್ತರಿಸಲಿ. ಹಣ್ಣಿಗೆಂದೇ ಕೊಂಡವರಿಗೆ ಅದು ಬೇಸರ ತರಬಹುದು, ಆದರೆ ಆ ಗಿಡವನ್ನು ಇಟ್ಟುಕೊಳ್ಳುವ ಬಾಡಿಗೆ ಅದು.

ಹೂ ಬೇಕು, ಬಣ್ಣದ ಹಣ್ಣೂ ಬೇಕು, ಊರಲ್ಲಿ ಬೇರೆಯವರ ಬಳಿ ಇರಬಾರದು ಎಂಬ ಆಸೆಯಲ್ಲಿ ತಪ್ಪೇನಿಲ್ಲ. ಆ ಮೂರನ್ನೂ ತೀರಿಸುವ ಗಿಡ ಕವಳಿ. ಕರಂಡೆ ಎಂದೂ ಕರೆಯುತ್ತಾರೆ, ತೆಲುಗಿನಲ್ಲಿ ವಾಕ, ದಖನಿಯಲ್ಲಿ ಕರೋಂದಾ. ಬೇಸಿಗೆಯಲ್ಲಿ ಮಲ್ಲಿಗೆಯಂಥ ಬಿಳಿ ನಕ್ಷತ್ರದ ಹೂ, ನಸುಗಂಪು. ಆಮೇಲೆ ಹಸಿರು, ಗುಲಾಬಿ, ಕಡುಗೆಂಪು, ಕಪ್ಪು ಎಂದು ಒಂದೇ ಗೊಂಚಲಲ್ಲಿ ನಾಲ್ಕು ಬಣ್ಣದ ಕಾಯಿ. ಎಳೆಯದು ಉಪ್ಪಿನಕಾಯಿಗೆ, ಬೇಳೆಯೊಂದಿಗೆ ಬೇಯಿಸಿದರೆ ಹೈದರಾಬಾದಿನ ಮಳೆಗಾಲದ ವಾಕ್ಕಾಯ ಪಪ್ಪು. ಹಣ್ಣಾದರೆ ಮಕ್ಕಳಿಗೂ ಪಿಕಳಾರಕ್ಕೂ. ಬೀಜ ಹಾರಿ ಬಂಡೆಸಂದಿಗೆ ಬಿದ್ದರೆ ಬಿದ್ದಿತು, ಅದು ಅದರ ತವರೇ.

ಬೆಳೆಸುವವರು ಒಂದೆರಡು ಸಂಗತಿ ತಿಳಿದಿರಬೇಕು. ರಾಷ್ಟ್ರೀಯ ಉದ್ಯಾನದಿಂದಲೋ ಅರಣ್ಯದಿಂದಲೋ ಬೀಜ ಕೀಳುವುದು ಅಪರಾಧ. ಮಾರುಕಟ್ಟೆಯಲ್ಲಿ ಕೊಂಡ ಹಣ್ಣು ಸಾಕು, ಆದರೆ ಪೂರ್ತಿ ಕಪ್ಪಾಗಿ ಮೆತ್ತಗಾದದ್ದನ್ನೇ ಆರಿಸಬೇಕು. ಬೀಜವನ್ನು ತೊಳೆದು, ಅಂಟು ತೆಗೆದು, ಅದೇ ವಾರ ಬಿತ್ತಬೇಕು. ಒಣಗಿಸಿ ಇಟ್ಟರೆ ಮೊಳಕೆಯ ಶಕ್ತಿ ಬೇಗ ಹೋಗುತ್ತದೆ. ಕೆಂಪುಮಣ್ಣಿಗೆ ಮರಳು ಮತ್ತು ಹಳೆಯ ಗೊಬ್ಬರ ಬೆರೆಸಿ, ನೀರು ನಿಲ್ಲದ ಹಾಗೆ ನೋಡಿಕೊಂಡು, ಒಂದು ವರ್ಷದ ಸಸಿಯನ್ನು ದೊಡ್ಡ ಕುಂಡಕ್ಕೆ ಬದಲಿಸಬೇಕು. ಮುಳ್ಳು ಗಟ್ಟಿ, ಮಕ್ಕಳು ಓಡಾಡುವ ದಾರಿಯಲ್ಲಿ ಇಡಬಾರದು. ತಂಗಡಿಯ ಬೀಜಕ್ಕೆ ಮಾತ್ರ ಸಿಪ್ಪೆ ಗಡಸು, ಬಿಸಿನೀರು ಹೊಯ್ದು ರಾತ್ರಿಯಿಡೀ ನೆನೆಸಬೇಕು. ತಾಯಿಬೇರು ಕದಲಿದರೆ ಮುನಿಯುತ್ತದೆ, ಆದ್ದರಿಂದ ಕೊನೆಗೆ ಎಲ್ಲಿರಬೇಕೋ ಆ ಕುಂಡದಲ್ಲೇ ಬಿತ್ತುವುದು ವಾಸಿ. ಇಡೀ ದಿನದ ಬಿಸಿಲು ಬೇಕು, ಹೂ ಮುಗಿದ ಮೇಲೆ ಕತ್ತರಿ ಬೇಕು, ನೀರು ಕಡಿಮೆ ಸಾಕು. ಕವಳಿ ಬೀಜದಿಂದ ಹೂವಿಗೆ ಎರಡು ಮೂರು ವರ್ಷ ತೆಗೆದುಕೊಳ್ಳುತ್ತದೆ. ಮೊದಲ ವರ್ಷ ಕಾಣುವುದು ಮುಳ್ಳು ಮಾತ್ರ.